ನವೀಕರಣ ಮುಗಿದರೂ ಆಫೀಸ್ ಮುಂದಿನ ತೋಟ ಸೊರಗುತ್ತಿದೆಯೇ? ಲಕ್ಷಣ ನೋಡಿ ಕಾರಣ ಹಿಡಿಯುವ ಕೈಪಿಡಿ

ಬೆಂಗಳೂರಿನ ಎಂ.ಜಿ. ರಸ್ತೆ, ರೆಸಿಡೆನ್ಸಿ ರಸ್ತೆಯಂಥ ಕಡೆ ಹಳೇ ಆಫೀಸ್ ಕಟ್ಟಡಕ್ಕೆ ಹೊಸ ಮುಖ ಕೊಡುವಾಗ ಸುತ್ತಲಿನ ತೋಟವನ್ನೂ ಹೊಸದು ಮಾಡುತ್ತಾರೆ. ಹುಲ್ಲುಹಾಸು, ಪೇವರ್, ಗೇಟಿನ ಎರಡೂ ಬದಿ ಪಾಮ್, ಡ್ರಿಪ್ ಲೈನು, ಗಿಡದ ಬುಡಕ್ಕೆ ಲೈಟು. ಮೊದಲ ತಿಂಗಳು ಎಲ್ಲಾ ಚೆನ್ನಾಗಿರುತ್ತದೆ. ಆಮೇಲೆ ಒಂದು ಮೂಲೆ ಹಳದಿಯಾಗುತ್ತದೆ, ಇನ್ನೊಂದು ಕಡೆ ನೀರು ನಿಲ್ಲುತ್ತದೆ, ಬೇಸ್‌ಮೆಂಟಿನಲ್ಲಿ ಕಾರಿನ ಮೇಲೆ ಹನಿ ಬೀಳುತ್ತದೆ. ಗುತ್ತಿಗೆದಾರರು ಸತ್ತ ಗಿಡ ಕಿತ್ತು ಹೊಸದು ನೆಡುತ್ತಾರೆ. ಅದೂ ಸಾಯುತ್ತದೆ. ಬಿಲ್ಲು ಮಾತ್ರ ಬೆಳೆಯುತ್ತಾ ಹೋಗುತ್ತದೆ.

ನನ್ನ ಮಾತು ಇಷ್ಟೇ: ಗಿಡ ಬದಲಿಸುವ ಮೊದಲು ಒಂದು ಗೇಣು ಮಣ್ಣು ಬಗೆದು ನೋಡಿ. ನವೀಕರಣ ಆದ ಮೇಲೆ ಬರುವ ತೊಂದರೆಗಳಲ್ಲಿ ಹೆಚ್ಚಿನವು ಮಣ್ಣಿನ ಒಳಗೇ ಇರುತ್ತವೆ. ಎಲೆ ಅದನ್ನು ತಡವಾಗಿ ಹೇಳುತ್ತದೆ ಅಷ್ಟೆ. ಕೆಳಗಿರುವುದನ್ನು ಕಟ್ಟಡ ನೋಡಿಕೊಳ್ಳುವವರು, ಮಾಲಿಗಳು, ಮೇಲ್ವಿಚಾರಕರು ಒಟ್ಟಿಗೆ ಕೂತು ಓದಲಿ ಅಂತ ಬರೆದಿದ್ದೇನೆ. ಪ್ರತಿ ಲಕ್ಷಣದಲ್ಲೂ ಖರ್ಚಿಲ್ಲದ ಪರೀಕ್ಷೆ ಮೊದಲು ಬರುತ್ತದೆ.

ಅಗೆಯುವ ಮೊದಲು

ಸಾಮಾನು ಜಾಸ್ತಿ ಬೇಡ. ಎರಡಡಿ ಉದ್ದದ ತೆಳು ಕಬ್ಬಿಣದ ಸಲಾಕೆ, ಕೈಗುದ್ದಲಿ, ಬಕೆಟ್ಟು, ಬಿಳಿ ವಿನೆಗರ್, ಒಂದು ಬಿಳಿ ಹಾಳೆ, ನೀರಿನಲ್ಲಿ ಕರಗಿದ ಲವಣ ಅಳೆಯುವ, ಕೆಲವು ನೂರು ರೂಪಾಯಿಗೆ ಸಿಗುವ ಟಿಡಿಎಸ್ ಮೀಟರ್. ಇಷ್ಟಿದ್ದರೆ ಬಹುಪಾಲು ದೋಷ ಹಿಡಿಯಬಹುದು.

ಎಚ್ಚರ ಮಾತ್ರ ಜಾಸ್ತಿ ಬೇಕು. ನಗರದ ನಡುವಿನ ಜಾಗದಲ್ಲಿ ಮಣ್ಣಿನ ಕೆಳಗೆ ಕರೆಂಟ್ ಕೇಬಲ್, ಫೈಬರ್, ನೀರಿನ ಪೈಪು, ಕೆಲವು ಕಡೆ ಗ್ಯಾಸ್ ಲೈನೂ ಇರುತ್ತದೆ. ಒಂದು ಗೇಣಿಗಿಂತ ಆಳ ಹೋಗುವುದಾದರೆ ಮೊದಲು ಕಟ್ಟಡದ ಎಲೆಕ್ಟ್ರಿಷಿಯನ್ನನ್ನು ಕರೆದು ಲೈನು ಎಲ್ಲಿ ಹೋಗಿದೆ ಎಂದು ಕೇಳಿ. ಸಲಾಕೆಯನ್ನು ಕೈಬಲದಿಂದ ಮಾತ್ರ ಒತ್ತಿ, ಸುತ್ತಿಗೆಯಿಂದ ಹೊಡೆಯಬೇಡಿ. ಅಗೆಯುವಾಗ ಸಾಲಾಗಿ ಹಾಸಿದ ಇಟ್ಟಿಗೆಯೋ, ಬಣ್ಣದ ಪ್ಲಾಸ್ಟಿಕ್ ಪಟ್ಟಿಯೋ, ಇದ್ದಕ್ಕಿದ್ದಂತೆ ಶುದ್ಧ ಮರಳೋ ಸಿಕ್ಕರೆ ಅಲ್ಲೇ ನಿಲ್ಲಿಸಿ. ಕೇಬಲ್ ಹಾಕಿದವರು ಗುರುತಿಗೆಂದೇ ಅದನ್ನು ಇಟ್ಟಿರುತ್ತಾರೆ.

ಒಂದೇ ಮೂಲೆಯ ಗಿಡ ಪದೇ ಪದೇ ಮುರಿಯುತ್ತದೆ

ಇದು ರೋಗ ಅಲ್ಲ, ಓಡಾಟ. ಬೆಳಿಗ್ಗೆ ಒಂಬತ್ತರಿಂದ ಹತ್ತೂವರೆ ತನಕ ಗೇಟಿನ ಹತ್ತಿರ ನಿಂತು ನೋಡಿ. ಮೆಟ್ರೋ ಇಳಿದು ಬರುವವರು, ಡೆಲಿವರಿ ಹುಡುಗರು, ಟೀ ಕುಡಿಯಲು ಹೊರಗೆ ಬರುವವರು ಹತ್ತಿರದ ದಾರಿ ಹಿಡಿಯುತ್ತಾರೆ. ನಕ್ಷೆಯಲ್ಲಿ ದಾರಿ ಸುತ್ತಿ ಬಂದಿದ್ದರೆ ಜನ ಗಿಡ ದಾಟಿಯೇ ಹೋಗುತ್ತಾರೆ. ಬೇಲಿ ಎತ್ತರಿಸಿದರೆ ಬೇಲಿ ಮುರಿಯುತ್ತದೆ. ಅಲ್ಲಿ ಎರಡು ಸಾಲು ಕಲ್ಲು ಹಾಸಿ ದಾರಿ ಕೊಟ್ಟುಬಿಡಿ. ತುಳಿದ ಮಣ್ಣನ್ನು ಒಂದು ಗೇಣು ಸಡಿಲ ಮಾಡಿ ಉಳಿದ ಕಡೆ ನೆಡಿ. ಸಿಗರೇಟು ತುಂಡು, ಟೀ ಕಪ್ಪು ಬೀಳುವ ಜಾಗದಲ್ಲಿ ಕಸದ ಡಬ್ಬಿ ಇಲ್ಲದಿದ್ದರೆ ಅದನ್ನೂ ಇಡಿ.

ಹುಲ್ಲುಹಾಸು ತೇಪೆ ತೇಪೆಯಾಗಿ ಒಣಗುತ್ತಿದೆ

ಮೊದಲು ನೀರು. ಟೀ ಅಂಗಡಿಯ ಒಂದೇ ಅಳತೆಯ ಪೇಪರ್ ಕಪ್ಪುಗಳನ್ನು ಹುಲ್ಲಿನ ಮೇಲೆ ಅಲ್ಲಲ್ಲಿ ಇಟ್ಟು ಸ್ಪ್ರಿಂಕ್ಲರ್ ಅನ್ನು ಕಾಲು ಗಂಟೆ ಓಡಿಸಿ. ಒಂದು ಕಪ್ಪಿನಲ್ಲಿ ಅರ್ಧ, ಇನ್ನೊಂದರಲ್ಲಿ ತಳ ಮಾತ್ರ ಒದ್ದೆಯಾಗಿದ್ದರೆ ಕಾರಣ ಸಿಕ್ಕಂತೆ. ಹೊಸದಾಗಿ ಹಾಕಿದ ಬೋರ್ಡೋ ಬೆಂಚೋ ನೀರಿಗೆ ಅಡ್ಡ ಬಂದಿರಬಹುದು. ನಾಜಲ್‌ನಲ್ಲಿ ಮರಳು ಸಿಕ್ಕಿರಬಹುದು.

ನೀರು ಸಮ ಇದ್ದರೆ ಬಿಸಿಲು ನೋಡಿ. ನರ್ಸರಿಯವರು ಮೆಕ್ಸಿಕನ್ ಅಂತ ಕೊಡುವ ಹುಲ್ಲಿಗೂ ಗರಿಕೆಗೂ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ಪಕ್ಕದಲ್ಲಿ ಎತ್ತರದ ಕಟ್ಟಡ ಎದ್ದ ಮೇಲೆ ಆ ಬಿಸಿಲು ಸಿಗದಿದ್ದರೆ ಯಾವ ಗೊಬ್ಬರ ಹಾಕಿದರೂ ಹುಲ್ಲು ತೆಳ್ಳಗಾಗುತ್ತಲೇ ಹೋಗುತ್ತದೆ. ಅಲ್ಲಿ ಹುಲ್ಲಿನ ಆಸೆ ಬಿಟ್ಟು ನೆರಳು ತಡೆಯುವ ಗಿಡ ಹಾಕುವುದೇ ಸರಿ.

ಮೂರನೆಯದು, ಒಣಗಿದ ತೇಪೆಯ ಅಂಚನ್ನು ಕೈಯಿಂದ ಹಿಡಿದು ಎತ್ತಿ. ಚಾಪೆಯಂತೆ ಸಲೀಸಾಗಿ ಎದ್ದು ಬಂದರೆ ಕೆಳಗೆ ಬೇರೇ ಇಲ್ಲ ಎಂದರ್ಥ. ಮಣ್ಣು ಸರಿಸಿದರೆ ಬೆಳ್ಳಗೆ, ದಪ್ಪಗೆ, ಅರ್ಧಚಂದ್ರದ ಹಾಗೆ ಮುದುಡಿ ಮಲಗಿದ ಗೊಣ್ಣೆ ಹುಳು ಕಾಣುತ್ತದೆ. ತಲೆ ಕಂದು, ಬಾಲದ ಕಡೆ ಕಪ್ಪು ನೆರಳು. ಮುಂಗಾರಿನ ಮೊದಲ ಮಳೆಗೆ ದುಂಬಿಗಳು ಎದ್ದು ಮೊಟ್ಟೆ ಇಟ್ಟಿರುತ್ತವೆ, ಮುಂದಿನ ತಿಂಗಳುಗಳಲ್ಲಿ ಮರಿಗಳು ಬೇರು ತಿನ್ನುತ್ತವೆ. ಸರಿಯಾಗಿ ಕೊಳೆಯದ ಕೊಟ್ಟಿಗೆ ಗೊಬ್ಬರದ ಜೊತೆಗೂ ಬರುತ್ತವೆ. ಒಂದು ಚದರ ಅಡಿಯಲ್ಲಿ ಒಂದೆರಡು ಇದ್ದರೆ ಚಿಂತೆ ಬೇಡ. ಐದಾರಕ್ಕಿಂತ ಜಾಸ್ತಿ ಇದ್ದರೆ ಮೆಟರೈಜಿಯಂ ಎನ್ನುವ ಜೈವಿಕ ಶಿಲೀಂಧ್ರವನ್ನು ಎರೆಗೊಬ್ಬರಕ್ಕೆ ಬೆರೆಸಿ, ಮಣ್ಣು ಒದ್ದೆ ಇರುವಾಗ, ಸಂಜೆ ಹೊತ್ತು ಹರಡಿ. ಜನ ಓಡಾಡುವ, ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ ಕೂರುವ ಹುಲ್ಲಿನ ಮೇಲೆ ಘಾಟು ಕೀಟನಾಶಕ ಸುರಿಯುವುದು ನನಗೆ ಒಪ್ಪಿಗೆಯಿಲ್ಲ.

ಹುಲ್ಲು ಗಟ್ಟಿಯಾಗಿ ಹಿಡಿದಿದ್ದರೂ ಒಣಗುತ್ತಿದ್ದರೆ ಸಲಾಕೆ ಒತ್ತಿ. ಎರಡು ಇಂಚಿಗೇ ನಿಂತುಬಿಟ್ಟರೆ ಮಣ್ಣು ಒತ್ತಿ ಗಟ್ಟಿಯಾಗಿದೆ. ನವೀಕರಣದ ವೇಳೆ ಅಲ್ಲೇ ಜೆಸಿಬಿ ನಿಂತಿತ್ತಾ, ಜಲ್ಲಿ ರಾಶಿ ಹಾಕಿದ್ದರಾ ಎಂದು ಸೆಕ್ಯುರಿಟಿಯವರನ್ನು ಕೇಳಿ. ಅವರಿಗೆ ಖಂಡಿತ ನೆನಪಿರುತ್ತದೆ.

ಚಿಗುರೆಲೆ ಹಳದಿ, ನರ ಮಾತ್ರ ಹಸಿರು

ಈ ಒಂದು ಲಕ್ಷಣದ ಹತ್ತಿರ ಸ್ವಲ್ಪ ನಿಲ್ಲುತ್ತೇನೆ. ನವೀಕರಣವಾದ ತೋಟಗಳಲ್ಲಿ ಅತಿ ಹೆಚ್ಚು ಕಾಣುವುದು ಇದೇ, ತಪ್ಪು ಔಷಧಿ ಬೀಳುವುದೂ ಇದಕ್ಕೇ.

ಹಳದಿ ಎಲ್ಲಿಂದ ಶುರುವಾಗಿದೆ ಎಂದು ಮೊದಲು ನೋಡಿ. ಕೆಳಗಿನ ಹಳೇ ಎಲೆ ಮೊದಲು ಹಳದಿಯಾದರೆ ಸಾರಜನಕದ ಕೊರತೆ. ಕಾಂಪೋಸ್ಟು, ಹಿಂಡಿ ಕೊಟ್ಟರೆ ಸುಧಾರಿಸುತ್ತದೆ. ಗಿಡವೆಲ್ಲಾ ಒಂದೇ ಸಮ ಹಳದಿಯಾಗಿ, ಎಲೆ ಜೋತುಬಿದ್ದು, ಮಣ್ಣು ಸದಾ ಒದ್ದೆ ಇದ್ದರೆ ನೀರು ಜಾಸ್ತಿಯಾಗಿದೆ. ಎಲೆ ಮೇಲೆ ಸಣ್ಣ ರವೆ ಚೆಲ್ಲಿದಂತೆ ಬಿಳಿ ಚುಕ್ಕೆ ಇದ್ದರೆ ಕೆಳಗೆ ಬಿಳಿ ಹಾಳೆ ಹಿಡಿದು ಕೊಂಬೆ ತಟ್ಟಿ. ಹಾಳೆಯ ಮೇಲೆ ಕೆಂಪು ಚುಕ್ಕಿಗಳು ಹರಿದಾಡಿದರೆ ನುಸಿ. ರಸ್ತೆ ದೂಳು ಕೂತ ಗಿಡಕ್ಕೆ ನುಸಿ ಜಾಸ್ತಿ. ವಾರಕ್ಕೆ ಒಂದೆರಡು ಸಲ ಎಲೆಯ ತಳಕ್ಕೆ ಜೋರಾಗಿ ನೀರು ಹೊಡೆದರೆ ಅರ್ಧ ಕೆಲಸ ಮುಗಿಯುತ್ತದೆ.

ಇದ್ಯಾವುದೂ ಅಲ್ಲದೆ ತುದಿಯ ಹೊಸ ಎಲೆ ತಿಳಿ ಹಳದಿಯಾಗಿ, ನರಗಳು ಮಾತ್ರ ಬಲೆಯ ಹಾಗೆ ಹಸಿರಾಗಿ ಉಳಿದಿದ್ದರೆ ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲ. ಮಣ್ಣಿನಲ್ಲಿ ಕಬ್ಬಿಣ ಇಲ್ಲ ಎಂದಲ್ಲ. ನಮ್ಮದು ಕೆಮ್ಮಣ್ಣು, ಆ ಕೆಂಪು ಬಣ್ಣವೇ ಕಬ್ಬಿಣದ್ದು. ಆದರೆ ಮಣ್ಣಿಗೆ ಸಿಮೆಂಟು, ಸುಣ್ಣ ಸೇರಿದರೆ ಪಿಎಚ್, ಅಂದರೆ ಕ್ಷಾರದ ಮಟ್ಟ, ಏರುತ್ತದೆ. ಪಿಎಚ್ ಏರಿದರೆ ಕಬ್ಬಿಣ ಬೇರಿಗೆ ಸಿಗದ ರೂಪಕ್ಕೆ ಹೋಗುತ್ತದೆ.

ಇದನ್ನು ಮೊದಲು ತೋರಿಸುವುದು ಇಕ್ಸೋರ, ಕರಾವಳಿಯವರ ಕೇಪಳ. ಆಫೀಸ್ ಗೋಡೆಯುದ್ದಕ್ಕೂ ಇದರ ಬೇಲಿ ಹಾಕುವುದು ಈಗ ರೂಢಿ. ಅಂಥ ಒಂದು ಬೇಲಿಯ ಬುಡ ಬಗೆದಾಗ ಕಂಡದ್ದನ್ನು ಹೇಳುತ್ತೇನೆ. ಮೇಲೆ ನಾಲ್ಕು ಬೆರಳು ಚೆಂದದ ಕೆಮ್ಮಣ್ಣು. ಅದರ ಕೆಳಗೆ ಬೂದು ಬಣ್ಣದ ಪದರ. ಗಾರೆ ಚೂರು, ಟೈಲ್ಸ್ ತುಂಡು, ಗಟ್ಟಿಯಾದ ಸಿಮೆಂಟ್ ಮೂಟೆಯ ಅರ್ಧ ಭಾಗ, ಅದರ ಮೇಲೆ ಚೀಲದ ನೇಯ್ಗೆಯ ಅಚ್ಚು ಹಾಗೇ ಉಳಿದಿತ್ತು. ಗಿಡದ ಬೇರು ಆ ಪದರದ ತನಕ ಇಳಿದು, ಅಲ್ಲಿಂದ ಅಡ್ಡಕ್ಕೆ ತಿರುಗಿ, ತುದಿ ಕಪ್ಪಾಗಿತ್ತು. ಮೇಲಿನಿಂದ ಎಷ್ಟು ಗೊಬ್ಬರ ಹಾಕಿದರೂ ಆ ಬೇರು ಏನು ಮಾಡೀತು?

ನೀವೂ ಹೀಗೇ ನೋಡಿ. ಒಂದು ಗೇಣು ಆಳದ ಮಣ್ಣು ಒಂದು ಹಿಡಿ ತೆಗೆದು, ಒಣಗಿಸಿ, ಅದರ ಮೇಲೆ ವಿನೆಗರ್ ಹನಿಸಿ. ಸುಯ್ಯೆಂದು ನೊರೆ ಬಂದರೆ ಸುಣ್ಣದ ಅಂಶ ಇದೆ. ನೊರೆ ಬರದಿದ್ದರೂ ಅನುಮಾನ ಇದ್ದರೆ ಮಣ್ಣು ಪರೀಕ್ಷೆ ಮಾಡಿಸಿ. ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯದಲ್ಲಿ ಮಾಡಿಕೊಡುತ್ತಾರೆ. ಗುತ್ತಿಗೆದಾರರ ಜೊತೆ ಮಾತಾಡುವಾಗ ಆ ವರದಿ ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ.

ತಕ್ಷಣಕ್ಕೆ ಅನ್ನಭೇದಿಯನ್ನು (ಫೆರಸ್ ಸಲ್ಫೇಟ್) ಲೀಟರಿಗೆ 5 ಗ್ರಾಂ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಬಹುದು. ಮಣ್ಣಿಗೆ ಸುರಿದರೆ ಸುಣ್ಣ ಅದನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಮಣ್ಣಿಗೇ ಕೊಡಬೇಕೆಂದರೆ ಇಡಿಡಿಎಚ್‌ಎ ಎನ್ನುವ ಕೀಲೇಟ್ ಕಬ್ಬಿಣ ಕೇಳಿ ತನ್ನಿ. ಸುಣ್ಣದ ಮಣ್ಣಿನಲ್ಲೂ ಅದು ಕೆಲಸ ಮಾಡುತ್ತದೆ. ಅನ್ನಭೇದಿ ಗ್ರಾನೈಟ್ ಮೇಲೋ ಪೇವರ್ ಮೇಲೋ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಹಾಗಾಗಿ ಪ್ಲಾಸ್ಟಿಕ್ ಹಾಸಿ ಸಿಂಪಡಿಸಿ. ಇದೆಲ್ಲಾ ತಾತ್ಕಾಲಿಕ. ಖಾಯಂ ಪರಿಹಾರ ಅಂದರೆ ಒಂದೂವರೆ ಅಡಿ ತೋಡಿ, ಕಟ್ಟಡದ ಕಸ ಹೊರಗೆ ಹಾಕಿ, ಒಳ್ಳೇ ಮೇಲ್ಮಣ್ಣು ಮತ್ತು ಕಾಂಪೋಸ್ಟು ತುಂಬುವುದು. ಬೇಸ್‌ಮೆಂಟ್ ಅಗೆದಾಗ ಬಂದ ಆಳದ ಮಣ್ಣನ್ನು ಮೇಲ್ಮಣ್ಣು ಅಂತ ತಂದು ಸುರಿಯುವವರಿದ್ದಾರೆ. ಅದರಲ್ಲಿ ಜೀವ ಇರುವುದಿಲ್ಲ. ಲಾರಿಯಿಂದ ಇಳಿಸುವ ಮೊದಲೇ ಒಂದು ಹಿಡಿ ಮಣ್ಣು ಕೈಯಲ್ಲಿ ಹಿಡಿದು ನೋಡಿ. ಮೇಲ್ಮಣ್ಣಿನಲ್ಲಿ ಕೂದಲಿನಂಥ ಬೇರು, ಹುಲ್ಲಿನ ಚೂರು, ಎರೆಹುಳುವಿನ ಗುರುತು ಇದ್ದೇ ಇರುತ್ತದೆ.

ನೀರು ಹಾಕಿದರೂ ಹೊಸ ಗಿಡ ಬಾಡುತ್ತದೆ

ಬೆರಳನ್ನು ಎರಡು ಗೆಣ್ಣು ಆಳಕ್ಕೆ ಎರಡು ಕಡೆ ಇಳಿಸಿ. ಗಿಡದ ಬುಡದಲ್ಲಿ ಒಂದು, ಒಂದು ಮೊಳ ದೂರದಲ್ಲಿ ಇನ್ನೊಂದು. ಹೊರಗೆ ಒದ್ದೆ, ಬುಡ ಒಣ ಅಂದರೆ ತೊಂದರೆ ಇರುವುದು ಮಣ್ಣಿನ ಗಡ್ಡೆಯಲ್ಲಿ. ಬೆಂಗಳೂರಿಗೆ ಬರುವ ದೊಡ್ಡ ಗಿಡಗಳಲ್ಲಿ ಎಷ್ಟೋ ಆಂಧ್ರದ ರಾಜಮಹೇಂದ್ರವರಂ ಹತ್ತಿರದ ಕಡಿಯಂ ನರ್ಸರಿಗಳಿಂದ ಬರುತ್ತವೆ. ಗೋದಾವರಿ ಬಯಲಿನ ಜಿಗುಟು ಮಣ್ಣಿನ ಉಂಡೆ ಸಮೇತ ಬರುತ್ತವೆ. ಆ ಉಂಡೆ ಒಮ್ಮೆ ಒಣಗಿದರೆ ಕಲ್ಲಾಗುತ್ತದೆ. ಸುತ್ತಲಿನ ಸಡಿಲ ಮಣ್ಣು ನೀರು ಕುಡಿದರೂ ಉಂಡೆಯೊಳಗೆ ಇಳಿಯುವುದಿಲ್ಲ. ಸಲಾಕೆಯಿಂದ ಉಂಡೆಗೆ ಐದಾರು ತೂತು ಮಾಡಿ, ಹೋಸ್ ಪೈಪಿನಲ್ಲಿ ಸಣ್ಣ ಧಾರೆ ಬಿಟ್ಟು, ಅರ್ಧ ಗಂಟೆ ನೆನೆಸಿ. ಎರಡು ಮೂರು ವಾರ ಹೀಗೆ ಮಾಡಬೇಕಾಗುತ್ತದೆ.

ಬುಡ ಕೆದಕಿದಾಗ ಕಪ್ಪು ಪ್ಲಾಸ್ಟಿಕ್ ಕವರೋ, ಗೋಣಿಗೆ ಸುತ್ತಿದ ನೈಲಾನ್ ದಾರವೋ ಸಿಕ್ಕರೆ ಆಶ್ಚರ್ಯ ಬೇಡ. ಕವರ್ ಬಿಚ್ಚದೆ ನೆಟ್ಟ ಗಿಡಗಳು ಬೇಕಾದಷ್ಟಿವೆ. ಕತ್ತರಿಸಿ ತೆಗೆಯಿರಿ, ಸುತ್ತಿಕೊಂಡ ಬೇರನ್ನು ಚಾಕುವಿನಿಂದ ಎರಡು ಕಡೆ ಸೀಳಿ.

ಪಾಮ್‌ಗೆ ಬೇರೆ ಪರೀಕ್ಷೆ. ನಡುವಿನ ಬಿಚ್ಚದ ಸುಳಿಯನ್ನು ಮೆಲ್ಲಗೆ ಎಳೆಯಿರಿ. ಕೈಗೆ ಬಂದು, ಬುಡ ಕೊಳೆತ ವಾಸನೆ ಬಂದರೆ ಸುಳಿ ಕೊಳೆ ರೋಗ. ಪಾಮ್‌ಗೆ ಬೆಳೆಯುವ ಜಾಗ ಅದೊಂದೇ. ಇಂಥ ಗಿಡ ಉಳಿಯುವುದು ಕಷ್ಟ, ಪಕ್ಕದ ಪಾಮ್‌ಗಳನ್ನು ಕೂಡಲೇ ತಜ್ಞರಿಗೆ ತೋರಿಸಿ. ಗರಿಯಲ್ಲಿ ಕತ್ತರಿಯಿಂದ ಕತ್ತರಿಸಿದ ಹಾಗೆ ತ್ರಿಕೋನದ ಕಡಿತ ಇದ್ದರೆ ಅದು ಕೊಂಬಿನ ದುಂಬಿಯ ಕೆಲಸ. ಆವರಣದಲ್ಲಿ ಕೊಳೆಯುತ್ತಿರುವ ಎಲೆ, ಮರದ ದಿಮ್ಮಿ ರಾಶಿ ಇದ್ದರೆ ಮೊದಲು ಅದನ್ನು ಖಾಲಿ ಮಾಡಿಸಿ. ಹುಳು ಬೆಳೆಯುವುದು ಅಲ್ಲೇ.

ಮಳೆ ನಿಂತು ಗಂಟೆಯಾದರೂ ನೀರು ಇಳಿಯುವುದಿಲ್ಲ

ಬೆಂಗಳೂರಿಗೆ ವರ್ಷಕ್ಕೆ ಬೀಳುವುದು ಸುಮಾರು 970 ಮಿಲಿಮೀಟರ್ ಮಳೆ. ಆದರೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಒಂದೇ ಸಂಜೆ ಸುರಿದು ಹೋಗುವ ಮಳೆಗೆ ತೋಟ ತಡೆಯಬೇಕು.

ಮೊದಲು ಜಾಲರಿ ನೋಡಿ. ಎಲೆ, ಪ್ಲಾಸ್ಟಿಕ್ ಕಪ್ಪು, ಗುಲ್‌ಮೊಹರ್ ಹೂವು ಕಟ್ಟಿಕೊಂಡಿದ್ದರೆ ಐದು ನಿಮಿಷದ ಕೆಲಸ. ಎರಡನೆಯದು ಇಳಿಜಾರು. ಬಕೆಟ್ ನೀರು ಸುರಿದು ಯಾವ ಕಡೆ ಹರಿಯುತ್ತದೆ ನೋಡಿ. ಹೊಸ ಪೇವರ್ ಹಾಕುವಾಗ ಹಳೇ ಮೋರಿಗಿಂತ ಅಂಚು ಎತ್ತರವಾಗಿ, ತೋಟವೇ ತಗ್ಗಾಗಿ ಉಳಿಯುವುದು ಸಾಮಾನ್ಯ. ಮೂರನೆಯದು ಗುಂಡಿ ಪರೀಕ್ಷೆ. ಒಂದಡಿ ಆಳದ ಗುಂಡಿಗೆ ನೀರು ತುಂಬಿಸಿ ಇಂಗಲು ಬಿಡಿ. ಮತ್ತೆ ತುಂಬಿಸಿ ಒಂದು ಗಂಟೆ ಬಿಟ್ಟು ಅಳೆಯಿರಿ. ಒಂದು ಇಂಚೂ ಇಳಿಯದಿದ್ದರೆ ಮಣ್ಣು ನೀರು ಕುಡಿಯುತ್ತಿಲ್ಲ. ಗುಂಡಿಯ ಮಣ್ಣು ಕಪ್ಪಾಗಿ ಕೊಳೆತ ಮೊಟ್ಟೆ ವಾಸನೆ ಬಂದರೆ ಬೇರಿಗೆ ಗಾಳಿಯೇ ಇಲ್ಲ. ಅಲ್ಲಿ ಮರಳು ಬೆರೆಸಿ ಸರಿಮಾಡಲು ಹೋಗಬೇಡಿ. ಜೇಡಿಗೆ ಸ್ವಲ್ಪ ಮರಳು ಬೆರೆತರೆ ಇನ್ನೂ ಗಟ್ಟಿಯಾಗುತ್ತದೆ. ಕಾಂಪೋಸ್ಟು ಬೆರೆಸಿ, ಅಗತ್ಯವಿದ್ದರೆ ತೂತಿನ ಪೈಪು ಹಾಕಿಸಿ ಇಂಗುಗುಂಡಿಗೆ ಸೇರಿಸಿ. ದೊಡ್ಡ ನಿವೇಶನಗಳಿಗೆ ಮಳೆನೀರು ಸಂಗ್ರಹ ಹೇಗೂ ಕಡ್ಡಾಯ, ತೋಟದ ನೀರನ್ನೂ ಅದಕ್ಕೆ ಕೂಡಿಸಿದರೆ ಎರಡೂ ಕೆಲಸ ಆಯಿತು.

ನಿಂತ ನೀರು ಸೊಳ್ಳೆಗೂ ಮನೆ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವ ಹೊತ್ತಿಗೆ ಒಂದು ವಾರ, ಹತ್ತು ದಿನ ಸಾಕು. ವಾರಕ್ಕೊಮ್ಮೆ ಕುಂಡದ ತಟ್ಟೆ, ವಾಲ್ವ್ ಬಾಕ್ಸು, ಕಾರಂಜಿಯ ತೊಟ್ಟಿ ಖಾಲಿ ಮಾಡಿಸಿ. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿದ ಮೇಲೆ ಕಟ್ಟಡದವರಿಗೆ ದಂಡವೂ ಬೀಳುತ್ತದೆ.

ಎಲೆಯಂಚು ಸುಟ್ಟಂತೆ ಕಂದಾಗಿದೆ

ಗಿಡದ ಒಂದೇ ಮಗ್ಗುಲು ಸುಟ್ಟಿದ್ದರೆ ಆ ಕಡೆ ಏನಿದೆ ನೋಡಿ. ಎಸಿಯ ಹೊರಘಟಕ ಬಿಸಿಗಾಳಿ ಊದುತ್ತಿರಬಹುದು. ಗಾಜಿನ ಗೋಡೆ ಮಧ್ಯಾಹ್ನದ ಬಿಸಿಲನ್ನು ತಿರುಗಿಸಿ ಗಿಡದ ಮೇಲೆ ಹಾಯಿಸುತ್ತಿರಬಹುದು. ಅಂಗೈ ಹಿಡಿದರೇ ಗೊತ್ತಾಗುತ್ತದೆ. ಗಿಡ ಜಾಗ ಬದಲಿಸಬೇಕು, ಬೇರೆ ಮದ್ದಿಲ್ಲ.

ಎಲ್ಲಾ ಕಡೆ ಅಂಚು ಕಂದಿದ್ದು, ಮಣ್ಣಿನ ಮೇಲೆ ಬಿಳಿ ಪದರ ಕೂತಿದ್ದರೆ ನೀರಿನಲ್ಲಿ ಲವಣ ಜಾಸ್ತಿ. ಟ್ಯಾಂಕಿನ ನೀರಿಗೆ ಟಿಡಿಎಸ್ ಮೀಟರ್ ಅದ್ದಿ. 450 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಒಳಗಿದ್ದರೆ ಯೋಚನೆ ಬೇಡ. 2000 ದಾಟಿದರೆ ಆ ನೀರು ತೋಟಕ್ಕೆ ಬೇಡ. ನಡುವೆ ಇದ್ದರೆ ಗಿಡ ನೋಡಿ ತೀರ್ಮಾನಿಸಿ: ಬೋಗನ್‌ವಿಲ್ಲಾ ತಡೆಯುತ್ತದೆ, ಫರ್ನ್ ತಡೆಯುವುದಿಲ್ಲ. ಕುಡಿಯುವ ನೀರು ತಿರುಗಿಸೋಣ ಅಂದರೆ, ಬರ ಬಂದ 2024ರ ಮಾರ್ಚಿನಲ್ಲಿ ಜಲಮಂಡಳಿ ತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತು, 2025ರ ಬೇಸಿಗೆಗೂ ಅದೇ ಮಾತು. ಅಂದಮೇಲೆ ಕೊಳಚೆ ನೀರು ಶುದ್ಧ ಮಾಡುವ ಘಟಕದ, ಅಂದರೆ ಎಸ್‌ಟಿಪಿ ನೀರನ್ನೇ ಸರಿಯಾಗಿ ಬಳಸುವುದು ಕಲಿಯಬೇಕು. ಸಂಗ್ರಹಿಸಿದ ಮಳೆನೀರು ಇದ್ದರೆ ಅದರ ಜೊತೆ ಬೆರೆಸಿ. ನೀರು ಚೆನ್ನಾಗಿ ಇಂಗುವ ಕಡೆ ಅಪರೂಪಕ್ಕೊಮ್ಮೆ ಹೆಚ್ಚು ನೀರು ಕೊಟ್ಟು ಲವಣ ಕೆಳಗಿಳಿಸಿ.

ಎಸ್‌ಟಿಪಿ ನೀರನ್ನು ಜನ ಓಡಾಡುವ ಹೊತ್ತಿನಲ್ಲಿ ಸ್ಪ್ರಿಂಕ್ಲರ್‌ನಿಂದ ಹಾರಿಸಬೇಡಿ. ಆ ನಲ್ಲಿಗೆ 'ಕುಡಿಯಬಾರದು' ಎಂಬ ಬೋರ್ಡು ಕನ್ನಡದಲ್ಲೂ ಮಾಲಿಗಳು ಓದಬಲ್ಲ ಭಾಷೆಯಲ್ಲೂ ಇರಲಿ. ಅವರಿಗೆ ಕೈಗವಸು, ಸೋಪು ಕೊಡುವುದು ಕಟ್ಟಡದವರ ಜವಾಬ್ದಾರಿ. ನೀರು ಗಬ್ಬು ವಾಸನೆ ಬರುತ್ತಿದ್ದರೆ ದೋಷ ತೋಟದ್ದಲ್ಲ, ಎಸ್‌ಟಿಪಿ ನಡೆಸುವವರನ್ನು ಕರೆಯಿರಿ.

ಡ್ರಿಪ್ ಒಂದು ಸಾಲಿಗೆ ಬರುತ್ತದೆ, ಇನ್ನೊಂದಕ್ಕಿಲ್ಲ

ಎಲ್ಲಾ ಸಾಲಿನಲ್ಲೂ ನೀರು ಕಮ್ಮಿ ಅಂದರೆ ಫಿಲ್ಟರ್ ಬಿಚ್ಚಿ ತೊಳೆಯಿರಿ. ಎಸ್‌ಟಿಪಿ ನೀರಿನಲ್ಲಿ ಅದು ಬೇಗ ಕಟ್ಟುತ್ತದೆ, ವಾರಕ್ಕೊಮ್ಮೆ ತೊಳೆಯುವುದು ಒಳ್ಳೆಯದು. ಸಾಲಿನ ಕೊನೆಯ ಗಿಡಕ್ಕೆ ಮಾತ್ರ ಬಾರದಿದ್ದರೆ ತುದಿಯ ಮುಚ್ಚಳ ಬಿಚ್ಚಿ ಒಂದು ನಿಮಿಷ ನೀರು ಹರಿಸಿ. ಮೊದಲು ಕಂದು ರಾಡಿ ಬಂದು ಆಮೇಲೆ ತಿಳಿಯಾಗುತ್ತದೆ. ಬೋರ್‌ವೆಲ್ ನೀರಿನ ಬಿಳಿ ಗಟ್ಟು ಕಟ್ಟಿದ ಡ್ರಿಪ್ಪರನ್ನು ವಿನೆಗರ್‌ನಲ್ಲಿ ನೆನೆಸಿ, ಹೋಗದಿದ್ದರೆ ಬದಲಿಸಿ. ಇಡೀ ಲೈನಿಗೆ ಆಸಿಡ್ ಹಾಯಿಸುವ ಕೆಲಸ ಗೊತ್ತಿರುವವರಿಗೆ ಬಿಡಿ. ಒಂದು ಕಡೆ ಮಣ್ಣು ಸದಾ ಕೆಸರಾಗಿದ್ದರೆ ಅಳಿಲು ಅಥವಾ ಹೆಗ್ಗಣ ಪೈಪು ಕಡಿದಿರಬಹುದು. ಬೇಸಿಗೆಯಲ್ಲಿ ಬಾಯಾರಿದ ಅಳಿಲಿಗೆ ಒಂದು ತಟ್ಟೆ ನೀರು ಇಟ್ಟರೆ ಪೈಪಿನ ತಂಟೆಗೆ ಬರುವುದು ಕಮ್ಮಿಯಾಗುತ್ತದೆ. ವಾರಕ್ಕೊಮ್ಮೆ ಅಲ್ಲ, ಆ ತಟ್ಟೆಯ ನೀರನ್ನು ದಿನಾ ಬದಲಿಸಿ.

ಒಂದು ಇಡೀ ವಿಭಾಗಕ್ಕೇ ನೀರಿಲ್ಲದಿದ್ದರೆ ವಾಲ್ವ್ ಅನ್ನು ಕೈಯಿಂದ ತೆರೆದು ನೋಡಿ. ನೀರು ಬಂದರೆ ತೊಂದರೆ ಕರೆಂಟಿನದು, ಬಾರದಿದ್ದರೆ ಪೈಪಿನದು. ಕರೆಂಟಿನದಾದರೆ ಟೈಮರ್ ಆರಿಸಿ, ವಾಲ್ವಿನ ವೈರು ಬಿಚ್ಚಿ, ಕಾಯಿಲನ್ನು ಮಲ್ಟಿಮೀಟರಿನಿಂದ ಅಳೆಯಬಹುದು. ಸಾಮಾನ್ಯ 24 ವೋಲ್ಟ್ ಕಾಯಿಲ್ 20ರಿಂದ 60 ಓಮ್ ತೋರಿಸುತ್ತದೆ. ಟೈಮರಿನ ಒಳಗೆ ಬರುವುದು ಮಾತ್ರ 230 ವೋಲ್ಟ್. ಅದರ ಮುಚ್ಚಳ ಎಲೆಕ್ಟ್ರಿಷಿಯನ್ನೇ ತೆಗೆಯಲಿ.

ಲೈಟ್ ಕಂಬ ಮುಟ್ಟಿದರೆ ಜುಮ್ ಅನ್ನುತ್ತದೆ

ಇಲ್ಲಿ ಸಣ್ಣ ಪರೀಕ್ಷೆ, ದೊಡ್ಡ ಪರೀಕ್ಷೆ ಅಂತಿಲ್ಲ. ತೋಟದ ಲೈಟಿನ ಮೇನ್ ಆರಿಸಿ, ಟೇಪು ಕಟ್ಟಿ ಜನರನ್ನು ದೂರವಿಡಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನನ್ನು ಕರೆಯಿರಿ. ಮಳೆ ಬಂದಾಗಲೆಲ್ಲಾ ಸ್ವಿಚ್ಚು ಬಿದ್ದರೂ ಅಷ್ಟೆ. ಅದು ಜೀವ ಉಳಿಸಲು ಬೀಳುತ್ತಿದೆ. ಅದನ್ನು ತಪ್ಪಿಸಿ ನೇರ ಸಂಪರ್ಕ ಕೊಡಲು ಯಾರಿಗೂ ಬಿಡಬೇಡಿ. ತೋಟದ ಲೈನಿಗೆ ಕರೆಂಟ್ ಸೋರಿದ ಕೂಡಲೇ ಲೈನು ಆರಿಸುವ 30 ಮಿಲಿಆಂಪಿನ ಆರ್‌ಸಿಸಿಬಿ ಇದೆಯೇ ಎಂದು ಇವತ್ತೇ ಕೇಳಿ. 2023ರ ನವೆಂಬರಿನಲ್ಲಿ ಕಾಡುಗೋಡಿ ಹತ್ತಿರ ಫುಟ್‌ಪಾತ್ ಮೇಲೆ ಬಿದ್ದಿದ್ದ ತಂತಿ ತುಳಿದು ಒಬ್ಬ ತಾಯಿ ಮತ್ತು ಕೂಸು ಜೀವ ಕಳೆದುಕೊಂಡರು. ರಸ್ತೆ ಬದಿಯ ತಂತಿ, ಕಂಬದ ದೂರಿಗೆ ಬೆಸ್ಕಾಂ ಸಹಾಯವಾಣಿ 1912.

ಪೇವರ್ ಕುಸಿದಿದೆ, ಅಥವಾ ಎದ್ದಿದೆ

ಎದ್ದಿದ್ದರೆ ಬೇರು. ಬೇರು ಕಡಿಯುವ ಮೊದಲು ಕೊನೆಯಲ್ಲಿರುವ 'ಹಳೇ ಮರ ಸೊರಗುತ್ತಿದೆ' ಭಾಗ ಓದಿ. ಒಂದೆರಡು ಕಲ್ಲು ಮಾತ್ರ ಅಲ್ಲಾಡುತ್ತಿದ್ದರೆ ಕೆಳಗಿನ ಮರಳು ಕೊಚ್ಚಿ ಹೋಗಿದೆ, ಎತ್ತಿ ತುಂಬಿ ಕೂರಿಸಬಹುದು. ಮಳೆ ಇಲ್ಲದಿದ್ದರೂ ಕುಸಿತ ಅಗಲವಾಗುತ್ತಿದ್ದರೆ, ತಟ್ಟಿದಾಗ ಟೊಳ್ಳು ಸದ್ದು ಬಂದರೆ ಕೆಳಗೆ ಪೈಪು ಒಡೆದಿರಬಹುದು. ರಾತ್ರಿ ನೀರಿನ ಬಳಕೆ ನಿಂತ ಮೇಲೆ ಮೀಟರ್ ನೋಡಿ ಬರೆದಿಟ್ಟು, ಬೆಳಿಗ್ಗೆ ಮತ್ತೆ ನೋಡಿ. ಮುಳ್ಳು ಓಡಿದ್ದರೆ ಸೋರಿಕೆ ಖಚಿತ. ಗ್ಯಾಸ್ ವಾಸನೆ ಬಂದರೆ ಅಗೆಯಬೇಡಿ, ಸ್ವಿಚ್ಚು ಮುಟ್ಟಬೇಡಿ. ಜನರನ್ನು ದೂರ ಕಳಿಸಿ ಗ್ಯಾಸ್ ಕಂಪನಿಗೂ 112ಕ್ಕೂ ಫೋನ್ ಮಾಡಿ.

ತೋಟದ ಕೆಳಗಿನ ಬೇಸ್‌ಮೆಂಟ್ ಸೋರುತ್ತಿದೆ

ಯಾವಾಗ ಸೋರುತ್ತದೆ ಎಂದು ಒಂದು ವಾರ ಬರೆದಿಡಿ. ಮಳೆಗೆ ಮಾತ್ರವೇ, ಗಿಡಕ್ಕೆ ನೀರು ಬಿಟ್ಟಾಗಲೇ, ಯಾವಾಗಲೂನಾ? ಯಾವಾಗಲೂ ಆದರೆ ಪ್ಲಂಬರ್ ಕೆಲಸ. ನೀರು ಬಿಟ್ಟಾಗ ಮಾತ್ರ ಆದರೆ ಎರಡು ದಿನ ಡ್ರಿಪ್ ನಿಲ್ಲಿಸಿ ನೋಡಿ. ಆಮೇಲೆ ಒಂದೊಂದೇ ಪಾತಿಗೆ ತಿಂಡಿಯ ಬಣ್ಣ ಬೆರೆಸಿದ ನೀರು ಬಿಟ್ಟು, ಕೆಳಗೆ ಯಾವಾಗ ಬಣ್ಣ ಬರುತ್ತದೆ ಎಂದು ಕಾಯಿರಿ. ಎಷ್ಟೋ ಸಲ ಮೇಲಿನ ಜಲನಿರೋಧಕ ಪದರ ಸರಿಯೇ ಇದ್ದು, ನೀರು ಹೊರಹೋಗುವ ಬಾಯಿಗೆ ಮಣ್ಣು ಕಟ್ಟಿಕೊಂಡು ತೊಟ್ಟಿ ತುಂಬಿರುತ್ತದೆ.

ಚಾವಣಿಯಲ್ಲಿ ಬಿಳಿ ಸುಣ್ಣದ ಗೆರೆ, ತೊಟ್ಟಿಕ್ಕಿ ಇಳಿಬಿದ್ದ ಸಣ್ಣ ಕಡ್ಡಿಗಳು ಕಂಡರೆ ನೀರು ಬಹಳ ಕಾಲದಿಂದ ಕಾಂಕ್ರೀಟಿನ ಮೂಲಕ ಹಾಯುತ್ತಿದೆ. ತುಕ್ಕಿನ ಕಲೆ, ಉದುರಿದ ಕಾಂಕ್ರೀಟು, ಕಂಬಿ ಕಾಣುತ್ತಿದ್ದರೆ ಕೆಳಗೆ ಕಾರು ನಿಲ್ಲಿಸುವುದನ್ನು ನಿಲ್ಲಿಸಿ, ಸ್ಟ್ರಕ್ಚರಲ್ ಎಂಜಿನಿಯರ್ ಕರೆಯಿರಿ. ಇಲ್ಲಿ ಮಾಲಿಯ ಕೆಲಸ ಮುಗಿಯಿತು.

ತೂಕದ ವಿಚಾರ ಹಗುರವಾಗಿ ತೆಗೆದುಕೊಳ್ಳಬೇಡಿ. ನೆನೆದ ಮಣ್ಣು ಒಂದು ಘನ ಮೀಟರಿಗೆ 1800ರಿಂದ 2000 ಕಿಲೋ ತೂಗುತ್ತದೆ. ಅಂದಕ್ಕೆ ಅಂತ ಒಂದಡಿ ದಿಬ್ಬ ಏರಿಸಿದರೆ ಚದರ ಮೀಟರಿಗೆ ಐನೂರೈವತ್ತರಿಂದ ಆರುನೂರು ಕಿಲೋ ಹೆಚ್ಚುವರಿ ಭಾರ. ಎಂಜಿನಿಯರ್ ಒಪ್ಪದೆ ಚಾವಣಿಯ ಮೇಲೆ ಒಂದು ಗಾಡಿ ಮಣ್ಣೂ ಹಾಕಿಸಬೇಡಿ. ಅಲ್ಲಿ ಅರಳಿ, ಆಲ, ಅತ್ತಿ ಸಸಿ ಹಕ್ಕಿಯಿಂದ ಬಂದು ಹುಟ್ಟಿದರೆ ಚಿಕ್ಕದಿರುವಾಗಲೇ ಬೇರು ಸಮೇತ ತೆಗೆದು ಬೇರೆ ಕಡೆ ನೆಡಿ.

ಹಳೇ ಮರ ಸೊರಗುತ್ತಿದೆ

ಹೊಸ ಗಿಡ ಸತ್ತರೆ ದುಡ್ಡು ಹೋಗುತ್ತದೆ. ಹಳೇ ಮರ ಸತ್ತರೆ ನಮ್ಮ ಕಾಲದಲ್ಲಿ ಅದು ಮತ್ತೆ ಬರುವುದಿಲ್ಲ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ನಗರದ ತುಂಬಾ ನೆಟ್ಟ ಸಸಿಗಳು ಇವತ್ತು ನಮಗೆ ನೆರಳಾಗಿವೆ. ಮಳೆಮರಗಳು ಅದಕ್ಕೂ ಹಳೆಯವು. ಹಾಗಾಗಿ ಈ ಭಾಗವನ್ನು ಅವಸರದಲ್ಲಿ ಓದಬೇಡಿ.

ಮೊದಲು ಬುಡ ನೋಡಿ. ಆರೋಗ್ಯವಾದ ಮರದ ಬುಡ ನೆಲ ಮುಟ್ಟುವಲ್ಲಿ ಅಗಲವಾಗಿ ಬೇರಾಗಿ ಹರಡುತ್ತದೆ. ನಿಮ್ಮ ಮರ ಕಂಬ ನೆಟ್ಟಂತೆ ನೇರವಾಗಿ ನೆಲಕ್ಕೆ ಇಳಿದಿದ್ದರೆ ನವೀಕರಣದಲ್ಲಿ ಬುಡಕ್ಕೆ ಮಣ್ಣು ಏರಿಸಿದ್ದಾರೆ. ಕೈಯಿಂದ, ಮರದ ಕಡ್ಡಿಯಿಂದ ಮಣ್ಣು ಸರಿಸಿ ಆ ಹರಡು ಕಾಣುವ ತನಕ ಬಿಡಿಸಿ. ಬುಡದ ಸುತ್ತ ಕಾಂಕ್ರೀಟೋ ಪೇವರೋ ಒತ್ತಿದ್ದರೆ ಸುತ್ತಲೂ ಕನಿಷ್ಠ ಒಂದು ಮೀಟರ್ ದೂರದ ತನಕ ಬಿಡಿಸಿ. ಬ್ರೇಕರ್ ಮೆಷಿನ್ ಬೇಡ, ಉಳಿ ಸುತ್ತಿಗೆ ಸಾಕು. ಅಲ್ಲಿ ಕಾಂಪೋಸ್ಟು, ಅದರ ಮೇಲೆ ನಾಲ್ಕು ಇಂಚು ಒಣ ಎಲೆ ಹಾಸಿ, ಕಾಂಡಕ್ಕೆ ತಾಗದಂತೆ. ನೀರನ್ನು ಬುಡಕ್ಕಲ್ಲ, ಕೊಂಬೆ ಹರಡಿದಷ್ಟು ದೂರದ ಅಂಚಿಗೆ ಕೊಡಿ. ಹೀರುವ ಬೇರು ಅಲ್ಲಿರುತ್ತದೆ.

ಆಮೇಲೆ ತುದಿ ನೋಡಿ. ಎಲೆ ಸಣ್ಣದಾಗಿ, ಮೇಲಿನ ರೆಂಬೆ ಒಣಗುತ್ತಾ ಬಂದರೆ ಬೇರಿಗೆ ಪೆಟ್ಟಾಗಿದೆ. ಕೇಬಲ್ಲಿಗೋ ಮೋರಿಗೋ ಕಾಲುವೆ ತೋಡಿದ್ದು ಯಾವ ಕಡೆ ಎಂದು ಕೇಳಿ, ಒಣಗಿದ ಕೊಂಬೆ ಹೆಚ್ಚಾಗಿ ಅದೇ ಬದಿಯಲ್ಲಿರುತ್ತದೆ. ಕಾಂಡದ ದಪ್ಪದ ಮೂರರಿಂದ ಐದು ಪಟ್ಟು ದೂರದೊಳಗೆ ದಪ್ಪ ಬೇರು ಕಡಿಯಬಾರದು. ಮರವನ್ನು ನೆಲಕ್ಕೆ ಹಿಡಿದಿರುವುದೇ ಅವು. ಎದ್ದ ಪೇವರ್ ಸರಿಮಾಡಲು ಬೇರು ಕಡಿಯುವ ಬದಲು ಅಲ್ಲಿ ಕಲ್ಲು ತೆಗೆದು ಜಾಲರಿಯೋ, ಸ್ವಲ್ಪ ಏರುದಾರಿಯೋ ಮಾಡಿಸಿ.

ಇನ್ನು ನೀವೇ ಕೈ ಹಾಕಬಾರದ ಲಕ್ಷಣಗಳು. ಬುಡದಲ್ಲಿ ಮರದಷ್ಟೇ ಗಟ್ಟಿಯಾದ, ತಟ್ಟೆಯಾಕಾರದ ಕಂದು ಅಣಬೆ ಬಂದಿದ್ದರೆ ಒಳಗೆ ಕೊಳೆತಿದೆ. ಮೇಲೆ ಎಷ್ಟೇ ಹಸಿರಿದ್ದರೂ ನಂಬಬೇಡಿ. ಕಾಂಡ ತಟ್ಟಿದರೆ ಟೊಳ್ಳು ಸದ್ದು, ಕವಲಿನಲ್ಲಿ ಹೊಸ ಸೀಳು, ಕಾಂಡದಿಂದ ಮರದ ಪುಡಿ ಉದುರುವುದು, ಇವೆಲ್ಲಾ ಮರ ತಜ್ಞರು ನೋಡಬೇಕಾದವು. ಮರ ಹೊಸದಾಗಿ ವಾಲಿ, ಎದುರು ಬದಿಯ ನೆಲ ಬಿರುಕು ಬಿಟ್ಟಿದ್ದರೆ ಒಂದು ಗಂಟೆಯೂ ಕಾಯಬೇಡಿ. ಕಾರು, ಬೈಕು, ಜನರನ್ನು ಮರದ ಎತ್ತರದಷ್ಟು ದೂರ ಕಳಿಸಿ ಪಾಲಿಕೆಗೆ ತಿಳಿಸಿ. ತಂತಿ ತಾಗುತ್ತಿದ್ದರೆ ಬೆಸ್ಕಾಂಗೂ ಹೇಳಿ. ಗುಲ್‌ಮೊಹರ್ ಮೇಲೆ ವಿಶೇಷ ಕಣ್ಣಿರಲಿ. ಅದರ ಮರ ಪೆಳಸು, ಬೇರು ಮೇಲ್ಮಟ್ಟದ್ದು, ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಬೇಗ ಮುರಿಯುತ್ತದೆ. ಪ್ರತಿ ಮಾರ್ಚಿನಲ್ಲಿ ಆವರಣದ ಎಲ್ಲಾ ಮರಗಳನ್ನೂ ಒಮ್ಮೆ ಪರೀಕ್ಷೆ ಮಾಡಿಸುವುದು ರೂಢಿಯಾಗಲಿ.

ಮರ ನಿಮ್ಮದೇ ಜಾಗದಲ್ಲಿದ್ದರೂ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕು. ದೊಡ್ಡ ಕೊಂಬೆ ತೆಗೆಸುವುದಿದ್ದರೂ ಪಾಲಿಕೆಯ ಅರಣ್ಯ ವಿಭಾಗವನ್ನು ಕೇಳಿಯೇ ಮುಂದುವರಿಯಿರಿ. ಅರ್ಜಿಯ ಜೊತೆ ಬುಡ, ಕಾಂಡ, ತುದಿ ಮೂರರ ಫೋಟೋ, ಮರದ ಹೆಸರು, ಎದೆಮಟ್ಟದ ಸುತ್ತಳತೆ, ನವೀಕರಣದಲ್ಲಿ ಎಲ್ಲಿ ಅಗೆದಿದ್ದರು ಎಂಬ ನಕ್ಷೆ ಇಡಿ. ಅಧಿಕಾರಿಗಳು ನೋಡಲು ಬಂದಾಗ ಬುಡದ ಪೇವರ್ ಬಿಡಿಸಿದ್ದರೆ ಬೇರಿನ ಸ್ಥಿತಿ ಅವರಿಗೆ ನೇರವಾಗಿ ಕಾಣುತ್ತದೆ, ಕಡಿಯದೆ ಉಳಿಸಬಹುದಾ ಎಂಬುದನ್ನು ಅಲ್ಲೇ ಕೇಳಿ.